ಟೆರೇಸಿನ ಮೇಲೆ ಬಾಯಿಬಿಟ್ಟು ಓದಿದ್ದು

ಜೊತೆಯಲ್ಲಿದ್ದವಳು ಮಸ್ಕತ್ತಿಗೆ ಕೆಲಸಕ್ಕೆ ಹೋದಮೇಲೆ ಪಟ್ಟಂದೂರು ಅಗ್ರಹಾರದ ಆ ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಇಬ್ಬರೂ ಹತ್ತಿರದ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸುಗಳಾಗಿದ್ದೆವು. ಸರ್ಕಾರಿ ನೌಕರಿಯ ಪರೀಕ್ಷೆಗೆ ಒಟ್ಟಿಗೇ ಓದಲು ಶುರುಮಾಡಿದ್ದೆವು. ಅವಳು ಪ್ರಶ್ನೆ ಕೇಳಬೇಕು, ನಾನು ಉತ್ತರ ಹೇಳಬೇಕು, ತಪ್ಪಿದರೆ ತಲೆಗೊಂದು ಮೊಟಕು. ಅವಳು ಹೋದಮೇಲೆ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಖಾಲಿ ಕಾಣಬಾರದೆಂದು ಅವಳ ಮಂಚದ ತುಂಬ ಪುಸ್ತಕ ಹರಡಿಟ್ಟೆ.

ಓದಲು ಉಳಿದದ್ದು ಎರಡು ದೊಡ್ಡ ವಿಷಯ. ಒಂದು ಮನೋರೋಗಿಗಳ ಆರೈಕೆ. ಇನ್ನೊಂದನ್ನು ನಾವು ಮೆಡ್-ಸರ್ಜ್ ಅನ್ನುತ್ತಿದ್ದೆವು. ಸಕ್ಕರೆ ಕಾಯಿಲೆಯಿಂದ ಸುಟ್ಟ ಗಾಯದವರೆಗೆ ಮೈಗೆ ಬರುವ ಸಕಲವೂ ಅದರಲ್ಲೇ. ಮನಸ್ಸಿಗೊಂದು ಪುಸ್ತಕ, ಮೈಗೊಂದು ಪುಸ್ತಕ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ, ಮಧ್ಯಾಹ್ನ ಎದ್ದು ಎರಡನ್ನೂ ಎತ್ತಿಕೊಂಡು ಟೆರೇಸಿಗೆ ಹೋಗುತ್ತಿದ್ದೆ. ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ ಕೂತರೆ ಐಟಿ ಪಾರ್ಕಿನ ಗಾಜಿನ ಕಟ್ಟಡಗಳು ಕಾಣುತ್ತಿದ್ದವು. ಊಟ ಮುಗಿಸಿದವರು ಕೊರಳಲ್ಲಿ ಗುರುತಿನ ಚೀಟಿ ತೂಗಾಡಿಸುತ್ತ ಗುಂಪುಗುಂಪಾಗಿ ನಡೆದಾಡುತ್ತಿದ್ದರು. ಅಷ್ಟು ದೂರಕ್ಕೆ ಅವರ ಮಾತು ಕೇಳುತ್ತಿರಲಿಲ್ಲ. ಯಾರೋ ನಗುತ್ತಿದ್ದಾರೆ ಎಂಬುದು ಮಾತ್ರ ಅವರ ಭುಜ ಅಲುಗುವುದರಿಂದ ಗೊತ್ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಆದರೆ ಅದೆಲ್ಲ ಬಿ.ಪಿ., ಜ್ವರ, ಡ್ರಿಪ್ಪಿನ ಮಾತು. ರಜೆಯ ದಿನ ಅಮ್ಮನಿಗೆ ಫೋನು ಮಾಡಿದರೆ "ಉಂಡ್ಯಾ? ಉಷಾರಾಗಿದೀಯಾ?" ಎಂದು ಕೇಳಿ ಫೋನು ಇಟ್ಟುಬಿಡುತ್ತಿದ್ದಳು. ಹಾಗಾಗಿ ಬಾಯಿಬಿಟ್ಟು ಓದುವ ಅಭ್ಯಾಸವಾಯಿತು. ಇಂಗ್ಲಿಷಿನ ಪ್ರಶ್ನೆಗಳನ್ನು, ಎದುರಿಗೆ ರೋಗಿ ಕೂತಿರುವ ಹಾಗೆ, ಕನ್ನಡದಲ್ಲೇ ಕೇಳುತ್ತಿದ್ದೆ. ನನ್ನ ದನಿ ನನಗೇ ಕೇಳಿದರೆ ಸಾಕಿತ್ತು.

ಅಂಥ ಒಂದು ಮಧ್ಯಾಹ್ನ ಓದುತ್ತಿದ್ದೆ: "ಈ ನಡುವೆ ಯಾವ ಕೆಲಸದಲ್ಲೂ ಮನಸ್ಸಿಲ್ಲ ಅನ್ನಿಸುತ್ತಾ?"

"ಊಂ ಕಣವ್ವ. ಏನೂ ಬ್ಯಾಡ ಅನ್ಸತೈತೆ."

ಬೆಚ್ಚಿಬಿದ್ದೆ. ಒಣಹಾಕಿದ್ದ ಸೀರೆಯ ಆಚೆ ಓನರ್ ಆಂಟಿ ಗೋಡೆಗೊರಗಿ ಕೂತಿದ್ದರು. ಮನೆ ಮಾಲೀಕರ ಹೆಂಡತಿಯನ್ನು ಬಾಡಿಗೆಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಅಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಅವರದು ಅದೇ ಊರು. ಈಗ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳೆದ್ದಿದ್ದವು. ಗಂಡ, ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆ ಅವರದು. ಅಂಥವರು ಬಿಸಿಲಲ್ಲಿ ಒಬ್ಬರೇ ಕೂತಿದ್ದರು.

"ಓದ್ಕೊ ಓದ್ಕೊ, ನಾನೇನೂ ಅನ್ನಕ್ಕಿಲ್ಲ. ನೀನು ಕೇಳೋದು ಚೆನ್ನಾಗೈತೆ. ನಮ್ಮನೇಲಿ ಯಾರೂ ಇಂಗೆ ಕೇಳಲ್ಲ."

ಅಂದಿನಿಂದ ಅವರು ದಿನವೂ ಮೇಲೆ ಬರತೊಡಗಿದರು. ನಾನು ಕೇಳುತ್ತಿದ್ದೆ, ಅವರು ಗೊಗ್ಗರು ದನಿಯಲ್ಲಿ ನಿಧಾನವಾಗಿ, ಬಾವಿಯಿಂದ ಸೇದಿದಂತೆ, ಉತ್ತರ ಹೇಳುತ್ತಿದ್ದರು. ನಿದ್ದೆ? ಹಗಲೂ ಬರುತ್ತೆ. ಊಟ? ಸೇರಲ್ಲ, ಆದರೂ ಮೈ ದಪ್ಪವಾಗ್ತಾ ಇದೆ. ಒಂದು ಪ್ರಶ್ನೆ ಮಾತ್ರ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ನೇರವಾಗಿ ಕೇಳಿ, ಕೇಳಿದರೆ ಕೇಡಿಲ್ಲ ಎಂದು ಪುಸ್ತಕದಲ್ಲಿತ್ತು. ಒಂದು ದಿನ ಧೈರ್ಯ ಮಾಡಿದೆ.

"ಆಂಟಿ, ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?"

"ಸಾಯಕ್ಕೂ ಎದ್ದೋಗ್ಬೇಕಲ್ಲವ್ವ. ನಂಗೆ ಅದ್ಕೂ ಕೈಲಾಗಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹತ್ತಿರ ಸರಿದು ಅವರ ಕೈ ಹಿಡಿದುಕೊಂಡೆ.

ಕೈ ತಣ್ಣಗಿತ್ತು. ನೆರಳಿನಾಚೆ ಕಾಲಿಟ್ಟರೆ ಸುಡುವ ಏಪ್ರಿಲ್ ಬಿಸಿಲು, ಅವರ ಕೈ ಮಾತ್ರ ಈಗಷ್ಟೇ ನೀರಿನಿಂದ ತೆಗೆದ ಹಾಗೆ. ಚರ್ಮ ಒರಟು. ಆಗ ಅವರ ಮುಖವನ್ನು ಸರಿಯಾಗಿ ನೋಡಿದೆ. ಕಣ್ಣಿನ ಸುತ್ತ ಊತವಿತ್ತು, ಹುಬ್ಬಿನ ತುದಿಯ ಕೂದಲು ಉದುರಿತ್ತು. ನಾನು ದುಃಖ ಅಂದುಕೊಂಡಿದ್ದ ಆ ಗೊಗ್ಗರು ದನಿಗೆ ಬೇರೆ ಕಾರಣವೂ ಇರಬಹುದು ಅನ್ನಿಸಿತು. ಅಷ್ಟು ದಿನ ಮನಸ್ಸಿನ ಪುಸ್ತಕದಲ್ಲಿ ಹುಡುಕುತ್ತಿದ್ದೆ. ಪಕ್ಕದಲ್ಲೇ ಇದ್ದ ಇನ್ನೊಂದು ಪುಸ್ತಕ ತೆಗೆದು ಥೈರಾಯಿಡ್ ಪಾಠಕ್ಕೆ ಬಂದೆ. ಒಂದೊಂದು ಸಾಲೂ ಎದುರಿಗೆ ಕೂತಿತ್ತು.

ಕೆಳಗಿಳಿದು ಸೊಸೆಗೆ ಹೇಳಿದೆ. ಅವಳು ಕುಕ್ಕರಿನ ಮುಚ್ಚಳ ಹಾಕುತ್ತ, "ಕಾಯ್ಲೆ ಏನಿಲ್ಲ ಸಿಸ್ಟರ್, ಸೋಮಾರಿತನ. ಎಲ್ಲಾ ಕೂತಲ್ಲಿಗೇ ಬರುತ್ತಲ್ಲ" ಎಂದಳು.

"ಇರ್ಬೋದು. ಒಂದ್ಸಲ ರಕ್ತ ಟೆಸ್ಟ್ ಮಾಡ್ಸಿಬಿಡಿ ಅಕ್ಕ. ನಾನೇ ಕರ್ಕೊಂಡು ಹೋಗ್ತೀನಿ."

ಮರುದಿನ ಆಟೋದಲ್ಲಿ ಆಂಟಿ ಶಾಲು ಹೊದ್ದು ಕೂತಿದ್ದರು. ಆಟೋದವನು ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದ. ನಮ್ಮ ಆಸ್ಪತ್ರೆಯ ಡಾಕ್ಟರು ಅವರ ಕತ್ತು ಮುಟ್ಟಿ ನೋಡಿ, ಮಂಡಿಗೆ ಸುತ್ತಿಗೆ ತಟ್ಟಿ, ರಕ್ತ ಪರೀಕ್ಷೆಗೆ ಬರೆದರು. ವರದಿ ಬಂದಾಗ ಥೈರಾಯಿಡ್ ತೀರಾ ಕಡಿಮೆಯಾಗಿತ್ತು. "ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ಳಿ ಅಮ್ಮ. ಬಿಡಬಾರ್ದು. ನಿಧಾನಕ್ಕೆ ಎಲ್ಲಾ ಸರಿಹೋಗುತ್ತೆ" ಎಂದರು.

ಹೊರಗೆ ಬಂದಮೇಲೆ ಆಂಟಿ ನನ್ನ ತೋಳು ಹಿಡಿದು ಕೇಳಿದರು: "ಅಂಗಾದ್ರೆ ನಾನು ಸೋಮಾರಿ ಅಲ್ವಾ?"

"ಅಲ್ಲ ಆಂಟಿ."

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಕಾಯಿಲೆ ಇದೆ ಎಂದು ತಿಳಿದು ಯಾರಾದರೂ ಅಷ್ಟು ಸಮಾಧಾನದಿಂದ ಅತ್ತದ್ದನ್ನು ನಾನು ಮತ್ತೆ ನೋಡಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಬೇರೆಯೇ ಹೆಂಗಸಾಗಿದ್ದರು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಸದ್ದು, ತರಕಾರಿ ಗಾಡಿಯವನ ಜೊತೆ ಜಗಳ, ಸೊಸೆಯ ಮೇಲೆ ರೇಗಾಟ, ಎಲ್ಲವೂ ನನ್ನ ಕೋಣೆಗೆ ಕೇಳುತ್ತಿತ್ತು. ಟೆರೇಸಿಗೆ ಬರುವುದು ಮಾತ್ರ ನಿಂತಿತು. ಮೇಲೆ ಬಂದು ಕೂರುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ "ಓದ್ತಾ ಇದೀಯಾ? ಓದು ಓದು" ಎಂದು ಸರಸರ ಇಳಿದುಹೋಗುತ್ತಿದ್ದರು. ರೋಗಿ ಗುಣವಾದರೆ ನರ್ಸಿಗೆ ಸಂತೋಷವಾಗಬೇಕು. ಆಗಿತ್ತು ಕೂಡ. ಆದರೂ ಸೀರೆ ಗಾಳಿಗೆ ಅಲುಗಿದಾಗಲೆಲ್ಲ ಓದು ನಿಲ್ಲಿಸಿ ಅತ್ತ ನೋಡುತ್ತಿದ್ದೆ.

ಪರೀಕ್ಷೆ ಪೀಣ್ಯದ ಕಡೆಯ ಒಂದು ಶಾಲೆಯಲ್ಲಿತ್ತು. ಮುಗಿಸಿ ಹೊರಬಂದಾಗ ಗೇಟಿನ ಹತ್ತಿರ ಅಪ್ಪಂದಿರು, ಗಂಡಂದಿರು ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದರು. "ಹೆಂಗಿತ್ತು?" ಎಂದು ಎಲ್ಲರನ್ನೂ ಯಾರೋ ಕೇಳುತ್ತಿದ್ದರು. ನನಗೆ ಚೆನ್ನಾಗಿಯೇ ಆಗಿತ್ತು. ಮಸ್ಕತ್ತಿಗೆ ಫೋನು ಮಾಡಿದೆ. ಡ್ಯೂಟಿಯಲ್ಲಿದ್ದಳೇನೋ, ಎತ್ತಲಿಲ್ಲ. ಬಸ್ಸಿನಲ್ಲಿ ಪಕ್ಕದವಳು "ಎಕ್ಸಾಮಾ?" ಎಂದಾಗ ಇಷ್ಟುದ್ದ ಹೇಳಲು ಶುರುಮಾಡಿದೆ. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು.

ಆಯ್ಕೆಯಾಯಿತು. ದೂರದ ತಾಲ್ಲೂಕು ಆಸ್ಪತ್ರೆಗೆ ಹಾಕಿದರು. ಹೊರಡುವ ದಿನ ಆಂಟಿಯ ಮನೆಯಲ್ಲಿ ಮೊಮ್ಮಗಳ ನಾಮಕರಣ. ಚಪ್ಪರದ ಕೆಳಗೆ ನೆಂಟರು ತುಂಬಿದ್ದರು. ಆಂಟಿ ಎಲ್ಲಿಂದಲೋ ಓಡಿಬಂದು ಕುಂಕುಮ ಇಟ್ಟು, ಕೈಗೆ ರವಿಕೆ ಕಣ ತುರುಕಿದರು. ಅವರ ಬೆರಳು ಬೆಚ್ಚಗಿತ್ತು.

"ಉಂಡ್ಕೊಂಡು ಓಗವ್ವ."

"ಬಸ್ಸಿಗೆ ಹೊತ್ತಾಯ್ತು ಆಂಟಿ."

"ಅಂಗಾದ್ರೆ ಕೀ ಸೊಸೆ ಕೈಗೆ ಕೊಟ್ಟೋಗು. ಸಾಯಂಕಾಲಾನೇ ಯಾರೋ ಇಬ್ರು ಹುಡ್ಗೀರು ಬತ್ತಾವ್ರೆ ಆ ರೂಮಿಗೆ" ಎಂದವರು, ಒಳಗಿನಿಂದ ಯಾರೋ ಕೂಗಿದ್ದಕ್ಕೆ "ಬಂದೇ!" ಎನ್ನುತ್ತ ಜನರ ನಡುವೆ ನುಗ್ಗಿಹೋದರು.

ಕೀಲಿ ಕೊಟ್ಟು, ಬ್ಯಾಗು ಹೆಗಲಿಗೇರಿಸಿಕೊಂಡು ರಸ್ತೆಗೆ ಬಂದೆ.