ಬಸಲಿಂಗವ್ವನ ಮಂಚ

ಇಳಕಲ್ಲಿನ ನೇಕಾರ ಶಂಕ್ರಪ್ಪನ ಹೆಂಡತಿ ಗುರುಲಿಂಗವ್ವ ಮೊದಲ ಸಲ ಗರಗಸ ಹಿಡಿದದ್ದು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ. ಮಗ್ಗದ ಕೆಳಗೆ ಕಾಲಿನಿಂದ ತುಳಿಯುವ ಹಲಗೆ ಮುರಿದಿತ್ತು. ಇವತ್ತು ಬರ್ತೇನಿ, ನಾಳೆ ಬರ್ತೇನಿ ಎಂದ ಬಡಿಗೇರ ಬರಲೇ ಇಲ್ಲ. ಅರ್ಧ ನೇಯ್ದ ಸೀರೆ ಧೂಳು ತಿನ್ನುತ್ತ ಕೂತಿತ್ತು. ಅವಳು ಹಿತ್ತಲಲ್ಲಿ ಬಿದ್ದಿದ್ದ ಜಾಲಿಯ ತುಂಡು ಕೊಯ್ದು, ಕೆತ್ತಿ, ಹಗ್ಗ ಬಿಗಿದು ಕೂರಿಸಿದಳು. ಮಗ್ಗ ನಡೆಯಿತು. ಶಂಕ್ರಪ್ಪ ನೋಡಿದ, ಕೂತು ನೇಯತೊಡಗಿದ.

ಅಲ್ಲಿಂದ ಅವಳಿಗೆ ಕಟ್ಟಿಗೆಯ ಹುಚ್ಚು ಹತ್ತಿತು. ಪಾತ್ರೆ ಇಡಲು ಗೋಡೆಗೊಂದು ಹಲಗೆ ಬಡಿದಳು. ಮೊಳೆ ಅಂಚಿಗೆ ಹೊಡೆದಿದ್ದರಿಂದ ಹಲಗೆ ಸೀಳಿ, ತುಂಬಿದ ಕೊಡಗಳೆಲ್ಲ ಉರುಳಿದವು. ಆ ಕತೆಯನ್ನು ಶಂಕ್ರಪ್ಪ ಚಹಾದಂಗಡಿಯಲ್ಲಿ ಹೇಳಿ ಜನರನ್ನು ನಗಿಸಿದ. ಅವಳು ಕಟ್ಟಿಗೆ ಅಡ್ಡೆಯ ಮುರ್ತುಜಸಾಬನ ಹತ್ತಿರ ಹೋಗಿ ಕೇಳಿದಳು.

"ಮೊದ್ಲ ಕಾಯ್ಸಿದ ಕಬ್ಬಿಣದ ಸಳಿಲೆ ತೂತು ಹಾಕ್ಬೇಕ ಯವ್ವಾ, ಆಮ್ಯಾಲ ಮೊಳಿ," ಎಂದ ಆ ಮುದುಕ. "ಮತ್ತ ಹಸಿ ಕಟ್ಟಿಗಿ ಮುಟ್ಟಬ್ಯಾಡ. ಒಣಗಿದ ಮ್ಯಾಲ ಅದು ಸಣ್ಣಾಗ್ತೈತಿ, ಬೆಸಿಗಿ ಬಿಡ್ತೈತಿ."

ಎರಡನೆಯ ಮಾತು ಕೇಳುವ ಹೊತ್ತಿಗೆ ತಡವಾಗಿತ್ತು. ಆಗಷ್ಟೇ ಕಡಿದ ಬೇವಿನಿಂದ ಅವಳೊಂದು ಸ್ಟೂಲು ಮಾಡಿಟ್ಟಿದ್ದಳು. ತಿಂಗಳೊಪ್ಪತ್ತಿನಲ್ಲಿ ಅದರ ಕಾಲು ಸಡಿಲಾದದ್ದು ಕಂಡು, "ಅತ್ತಿ, ಅದರ ಮ್ಯಾಲ ಕುಂಡ್ರಬ್ಯಾಡ್ರಿ," ಎಂದು ಹೇಳಿಯೂ ಇದ್ದಳು. ಸೊಸೆ ಬೇಡವೆಂದದ್ದನ್ನು ಮಾಡದಿದ್ದರೆ ಬಸಲಿಂಗವ್ವನಿಗೆ ಸಮಾಧಾನವಿರುತ್ತಿರಲಿಲ್ಲ. ಕೂತಳು. ಸ್ಟೂಲಿನ ಕಾಲು ಕಳಚಿ ಬಂತು. ಸೊಂಟದ ಎಲುಬು ಮುರಿಯಿತು. ಈ ವಯಸ್ಸಿನಲ್ಲಿ ಇನ್ನು ಕೂಡುವುದಿಲ್ಲ ಎಂದು ದವಾಖಾನೆಯವರು ಮನೆಗೆ ಕಳಿಸಿದರು.

ಸ್ಟೂಲಿನ ಆ ಕಾಲನ್ನು ಬಸಲಿಂಗವ್ವ ತಲೆದೆಸೆಯಲ್ಲಿ ಇಟ್ಟುಕೊಂಡಳು. ನೀರು ಬೇಕಾದರೆ ಅದರಿಂದ ನೆಲ ಬಡಿಯುವಳು. ತುತ್ತು ಬಿಸಿಯಾದರೆ ಉಣಿಸುವ ಕೈಯ ಗೆಣ್ಣಿಗೆ ಹೊಡೆಯುವಳು. "ನೀನ ಮಾಡಿದ್ದಲ್ಲ? ಗಟ್ಟಿ ಐತೇನು ನೋಡು," ಎನ್ನುವಳು. ಶಂಕ್ರಪ್ಪ ಮಗ್ಗದಿಂದ ತಲೆ ಎತ್ತುತ್ತಿರಲಿಲ್ಲ.

ಬಹಿರ್ದೆಸೆಗೆ ಅತ್ತೆಯನ್ನು ದಿನಾ ಎತ್ತಿ ಇಳಿಸುವಾಗ ಇಬ್ಬರಿಗೂ ಜೀವ ಹೋಗುತ್ತಿತ್ತು. ಗುರುಲಿಂಗವ್ವ ಯೋಚನೆ ಮಾಡಿದಳು. ಕೆಡವಿದ ಮನೆಯೊಂದರ ಹಳೆಯ ತೊಲೆಗಳನ್ನು ಮುರ್ತುಜಸಾಬನಿಂದ ತಂದು, ನಡುವೆ ಕಿಂಡಿಯಿದ್ದು ಮುಚ್ಚಳ ಹಾಕಿ ತೆಗೆಯಬಹುದಾದ ಮಂಚ ಮಾಡಿದಳು. ಮೊದಲ ವಾರ ಕಿಂಡಿಯ ಅಂಚು ತಗುಲಿ ಮುದುಕಿಯ ಬೆನ್ನು ಸುಲಿಯಿತು. ಬೈಗುಳ ತಿನ್ನುತ್ತಲೇ ಅಂಚನ್ನು ಗುಂಡಗೆ ಕೆತ್ತಿ, ಒಡೆದ ಗಾಜಿನ ಚೂರಿನಿಂದ ಹೆರೆದು ಹೆರೆದು ನುಣುಪು ಮಾಡಿದಳು. ಆಮೇಲೆ ಬಸಲಿಂಗವ್ವ ನಿದ್ದೆ ಮಾಡತೊಡಗಿದಳು.

ಹುನಗುಂದಕ್ಕೆ ಕೊಟ್ಟಿದ್ದ ಮಗಳು ಅಂಬವ್ವ ತಾಯಿಯನ್ನು ನೋಡಲು ಬಂದವಳು ಮಂಚ ಕಂಡು ಬೆರಗಾದಳು. ಅವಳ ಮಾವನೂ ಲಕ್ವ ಹೊಡೆದು ಹಾಸಿಗೆ ಹಿಡಿದು ವರ್ಷವಾಗಿತ್ತು.

"ಎಲ್ಲಿ ಸಿಕ್ತವ್ವಾ ಇದು?"

"ನಿಮ್ಮಣ್ಣ ಬಾಗಲಕೋಟಿಯಿಂದ ತರಿಸ್ಯಾನ," ಎಂದಳು ಬಸಲಿಂಗವ್ವ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಗುರುಲಿಂಗವ್ವನ ಕೈ ನಿಂತಿತು. ಗಂಡನ ಮುಖ ನೋಡಿದಳು.

"ಹೂಂ, ಪ್ಯಾಟಿಯಾಗ ಸಿಕ್ತು," ಎಂದ ಶಂಕ್ರಪ್ಪ.

"ಹಂಗಾರ ನಮಗೂ ಒಂದು ತರಸಣ್ಣಾ."

ಅಂಬವ್ವ ಬಸ್ಸು ಹತ್ತಿದ ಮೇಲೆ ಅವನು ಹೆಂಡತಿಗೆ ಇನ್ನೊಂದು ಮಾಡು ಎಂದ. ಯಾರು ಮಾಡಿದ್ದೆಂದು ಅತ್ತೆ ಅಂಬವ್ವನ ಮುಂದೆ ಹೇಳಲಿ, ಆಮೇಲೆ ಮಾಡುತ್ತೇನೆ ಎಂದಳು ಅವಳು. ಶಂಕ್ರಪ್ಪ ವಾದಕ್ಕೆ ಬೀಳಲಿಲ್ಲ. ಮರುದಿನವೇ ತಾಯಿಯನ್ನು ಎತ್ತಿ ಚಾಪೆಗೆ ಹಾಕಿ, ಆ ಮಂಚವನ್ನೇ ಲಾರಿಯ ಮೇಲೆ ಹುನಗುಂದಕ್ಕೆ ಕಳಿಸಿದ. ಮುದುಕಿ ಕೂಗಿದ್ದು ಓಣಿಯ ತುದಿಗೆ ಕೇಳಿತು.

"ಸುಮ್ನಿರಬೇ. ಇಕಿ ಇನ್ನೊಂದು ಮಾಡ್ತಾಳ," ಎಂದ.

ಅವಳು ಮಾಡಲಿಲ್ಲ. ಉಳಿದ ತೊಲೆಗಳು ಹಿತ್ತಲ ಗೋಡೆಗೆ ಒರಗಿಯೇ ಇದ್ದವು. ದಿನಾ ಅತ್ತೆಯ ಮೈ ಒರೆಸಿದಳು, ಅರಿವೆ ಒಗೆದಳು, ಉಣಿಸಿದಳು. ತೊಲೆಗಳ ಕಡೆ ಮಾತ್ರ ತಿರುಗಲಿಲ್ಲ. ನೆಲದ ತಂಡಿಗೆ ಮುದುಕಿಯ ಬೆನ್ನಿನಲ್ಲಿ ಹುಣ್ಣಾದವು. ಹೊಡೆಯುವ ಶಕ್ತಿಯೂ ಹೋಯಿತು. ಒಂದು ಮಧ್ಯಾಹ್ನ ಬಸಲಿಂಗವ್ವ ಸೊಸೆಯ ಸೆರಗು ಹಿಡಿದಳು.

"ಗುರುಲಿಂಗಾ, ನನಗೊಂದು ಮಂಚ ಮಾಡಿಕೊಡ."

ಅಷ್ಟು ಮೆತ್ತಗೆ ಆ ಬಾಯಿ ಅವಳನ್ನು ಎಂದೂ ಕರೆದಿರಲಿಲ್ಲ.

"ಬಾಗಲಕೋಟಿಯಿಂದ ತರಿಸಿಕೊಳ್ರಿ ಅತ್ತಿ," ಎಂದಳು ಗುರುಲಿಂಗವ್ವ. ಹೇಳಿದ ಮೇಲೆ ಎದೆ ತಣ್ಣಗಾಯಿತು. ಆ ಸುಖ ಎರಡು ದಿನ ಇತ್ತು.

ಮೂರನೆಯ ದಿನ ಹುಣ್ಣು ತೊಳೆಯುವಾಗ ಬಟ್ಟೆಗೆ ಹುಳು ಹತ್ತಿ ಬಂತು. ಅವಳು ಬಟ್ಟೆ ಬಿಸಾಕಿ ಹಿತ್ತಲಿಗೆ ಓಡಿದಳು. ಗರಗಸ ಹಿಡಿದವಳು ಒಲೆ ಹಚ್ಚಲಿಲ್ಲ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲಿಲ್ಲ. ಅವಸರದಲ್ಲಿ ಒಂದು ಪಟ್ಟಿ ಗಿಡ್ಡವಾಯಿತು, ಮತ್ತೆ ಕೊಯ್ದಳು. ಕಾಲು ನಿಂತವು, ಚೌಕಟ್ಟು ಕೂಡಿತು. ಮುಚ್ಚಳಕ್ಕೆ ಹಲಗೆ ಅಳೆಯುತ್ತಿದ್ದಾಗ ಒಳಗಿನಿಂದ ಶಂಕ್ರಪ್ಪ ಕರೆದ. ಹೋಗುವಷ್ಟರಲ್ಲಿ ಬಸಲಿಂಗವ್ವನ ಕಣ್ಣು ನಿಂತಿದ್ದವು.

ಶವವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಹುನಗುಂದದಿಂದ ಬಂದ ಅಂಬವ್ವ ಅತ್ತು ಅತ್ತು ಮುಖ ತೊಳೆಯಲು ಹಿತ್ತಲಿಗೆ ಹೋದಳು. ಅರ್ಧಕ್ಕೆ ನಿಂತ ಮಂಚ, ಉಳಿ, ಹೊಟ್ಟು ಎಲ್ಲ ಅಲ್ಲೇ ಇದ್ದವು.

"ಹಿತ್ತಲದಾಗಿನ ಮಂಚ ಯಾರು ಮಾಡಾಕತ್ತಿದ್ರು?" ಎಂದು ಒಳಗೆ ಬಂದು ಅಣ್ಣನನ್ನು ಕೇಳಿದಳು.

"ನಿಮ್ಮ ವೈನಿ," ಎಂದ ಶಂಕ್ರಪ್ಪ. "ನಿಮ್ಮ ಮನ್ಯಾಗಿರೋದೂ ಅಕಿ ಮಾಡಿದ್ದ."

ಇಷ್ಟು ದಿನ ಆ ಬಾಯಿಂದ ಬರದ ಮಾತು, ಕೂಡಿದ ಓಣಿಯ ಮುಂದೆ ಬಂತು. ಅಂಬವ್ವ ಗುರುಲಿಂಗವ್ವನ ಎದುರು ಬಂದು ನಿಂತಳು.

"ಹಂಗಾರ ನಿನಗ ಮಾಡಾಕ ಬರ್ತಿತ್ತು. ಬರ್ತಿದ್ರೂ ನಮ್ಮವ್ವನ್ನ ನೆಲದ ಮ್ಯಾಲ ಕೊಳಸಿದಿ."

ಹೆಂಗಸರೆಲ್ಲ ಗುರುಲಿಂಗವ್ವನ ಕಡೆ ತಿರುಗಿದರು. ಅತ್ತೆ ಮಲಗಿದ್ದ ಮಂಚವನ್ನೇ ಹುನಗುಂದಕ್ಕೆ ಕಳಿಸಿದ್ದು ಯಾರೆಂದು ಅವಳು ಹೇಳಬಹುದಿತ್ತು.

"ಹೌದು, ಬರ್ತಿತ್ತು," ಎಂದಳು.

ಶಂಕ್ರಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಗುಂಡಿ ತೋಡುವವರನ್ನು ನೋಡಿ ಬರುತ್ತೇನೆಂದು ಹೊರಗೆ ನಡೆದ.