ಅಲಂಕಾರಭೂಷಿತ ಬೀಳ್ಕೊಡುಗೆ

ನನ್ನ ಇಂಗ್ಲಿಷ್ ಕಚ್ಚಾ ಎಂದು ಯಾರಾದರೂ ಹೇಳಿದರೆ ಮೊನ್ನೆಮೊನ್ನೆಯವರೆಗೂ ಜಗಳಕ್ಕೆ ನಿಲ್ಲುತ್ತಿದ್ದೆ. ಧಾರವಾಡದಲ್ಲಿ ಓದಿ, ಮುಂಬಯಿಗೆ ಬಂದು, ಪರೇಲಿನ ಕಂಪನಿಯೊಂದರಲ್ಲಿ ತಲೆ ನರೆಯುವ ತನಕ ಇಂಗ್ಲಿಷಿನಲ್ಲೇ ಮೇಲ್ ಬರೆದವನು ನಾನು. ಅಂಥ ಪಂಡಿತನಿಗೆ ತನ್ನ ನೌಕರಿ ಹೋದದ್ದು ತಿಳಿಯಲು ಒಂಬತ್ತನೇ ಇಯತ್ತೆಯ ಮಗಳು ಬೇಕಾಯಿತು.

ಅಂದು ಶುಕ್ರವಾರ. ಮರುದಿನ ಮಗಳಿಗೆ ಇಂಗ್ಲಿಷ್ ಪರೀಕ್ಷೆ. 'ಫಿಗರ್ಸ್ ಆಫ್ ಸ್ಪೀಚ್' ತಲೆಗೆ ಹತ್ತುತ್ತಿಲ್ಲ, ಪಪ್ಪಾ ಬೇಗ ಬಂದು ಹೇಳಿಕೊಡಬೇಕು ಎಂದು ಹಟ ಹಿಡಿದಿದ್ದಳು. ಅರ್ಧ ದಿನದ ರಜೆ ಕೇಳಿ ಬೆಳಿಗ್ಗೆಯೇ ಮೇಲ್ ಹಾಕಿದ್ದೆ. ಊಟದ ಹೊತ್ತಿಗೆ ಎಚ್‌ಆರ್ ವಿಭಾಗದ ಮೃಣಾಲ್ ಕರೆದಳು. ಮರಾಠಿ ಹುಡುಗಿ, ನನ್ನನ್ನು ಕಾಕಾ ಎನ್ನುತ್ತಾಳೆ. ತನ್ನ ಕುರ್ಚಿಯಲ್ಲಿ ಕೂತಾಗ ಮಾತ್ರ ಇಂಗ್ಲಿಷ್. ಅರ್ಧ ದಿನದ ರಜೆಗೆ ಅವಳು ಹಾಕಿದ ಪೀಠಿಕೆ ಕೇಳಿ ನನಗೇ ಸಂಕೋಚವಾಯಿತು. ನಾನು ಕಂಪನಿಗೆ ಕಂಬದಂತೆ ನಿಂತವನಂತೆ. ಕಂಪನಿ ಎಂದರೆ ಕುಟುಂಬವಂತೆ. ಆ ಕಂಪನಿಯ ಎದೆ ಇವತ್ತು ಭಾರವಾಗಿದೆಯಂತೆ. ನನ್ನ ಉಪಕಾರವನ್ನು ಏಳು ಜನ್ಮ ಎತ್ತಿದರೂ ತೀರಿಸಲಾರರಂತೆ. ಕೊನೆಗೆ ನೆಲ ನೋಡುತ್ತ, "ವಿ ಆರ್ ಲೆಟಿಂಗ್ ಯು ಗೋ" ಎಂದಳು. ನಿಮ್ಮನ್ನು ಹೋಗಲು ಬಿಡುತ್ತಿದ್ದೇವೆ ಎಂದು. ಸೋಮವಾರ ಬಂದು ಫಾರ್ಮಾಲಿಟಿ ಮುಗಿಸಬೇಕು ಎಂದೂ ಸೇರಿಸಿದಳು.

ನಾನು ಎದ್ದು ನಿಂತು, ಮುಖವರಳಿಸಿ, ಥ್ಯಾಂಕ್ಯೂ, ಬೆಳಿಗ್ಗೆಯಿಂದ ಇದನ್ನೇ ಕಾಯುತ್ತಿದ್ದೆ ಎಂದೆ. ಮೃಣಾಲ್ ಕಣ್ಣಲ್ಲಿ ನೀರು. ಇಷ್ಟು ದೊಡ್ಡ ಮನಸ್ಸಿನವರನ್ನು ತಾನು ನೋಡಿಯೇ ಇಲ್ಲ ಎಂದಳು. ನಾನು ನಂಬಿದೆ. ಕಂಪನಿಗಳಿಗೆ ಕರುಳಿಲ್ಲ ಎನ್ನುವವರನ್ನು ಮನಸ್ಸಿನಲ್ಲೇ ಬೈಯುತ್ತ, ಖಾಲಿ ಲೋಕಲ್‌ನಲ್ಲಿ ಕಿಟಕಿ ಸೀಟು ಹಿಡಿದು ಘಾಟ್ಕೋಪರ್‌ಗೆ ಬಂದೆ. ಸ್ಟೇಷನ್ ಹೊರಗೆ ಜಿಲೇಬಿಯನ್ನೂ ಕಟ್ಟಿಸಿಕೊಂಡೆ.

ಮನೆಯಲ್ಲಿ ಪಾಠ ಶುರುವಾಯಿತು. ಪುಸ್ತಕದ ಉದಾಹರಣೆಗಳು ಸಪ್ಪೆ. ನನ್ನ ಬಳಿ ಬಿಸಿಬಿಸಿ ಸರಕೇ ಇತ್ತಲ್ಲ. ಸಿಮಿಲಿಗೆ ಕಂಬ, ಮೆಟಫರ್‌ಗೆ ಕುಟುಂಬ, ಪರ್ಸಾನಿಫಿಕೇಶನ್‌ಗೆ ಕಂಪನಿಯ ಭಾರವಾದ ಎದೆ, ಹೈಪರ್ಬೊಲಿಗೆ ಏಳು ಜನ್ಮ. ಹೆಂಡತಿ ಶಾಂತಾ ಕೂಡ ಅಡುಗೆಮನೆಯಿಂದ ಮೆಚ್ಚಿ ಇಣುಕಿದಳು.

"ಫಿರ್ ಕ್ಯಾ ಬೋಲೀ?" ಎಂದಳು ಮಗಳು, ಕೊನೆಗೆ ಮೃಣಾಲ್ ಏನಂದಳು ಎಂದು. ಹೇಳಿದೆ. ಅವಳ ಪೆನ್ನು ನಿಂತಿತು.

"ಪಪ್ಪಾ, ಇದು ಯುಫಿಮಿಸಂ ಹೈ. ಕೆಟ್ಟದ್ದು ಇರ್ತದಲ್ಲ, ಅದನ್ನ ಸ್ವೀಟ್ ಮಾಡಿ ಹೇಳ್ತಾರ. ನಿಮಗ... ನೌಕರಿ ಸೇ ನಿಕಾಲ್ ದಿಯಾ."

ಜಿಲೇಬಿ ಬಾಯಲ್ಲೇ ಉಳಿಯಿತು.

"ತಗದೀವಿ ಅಂತ ನೆಟ್ಟಗ ಹೇಳಲಿಕ್ಕೆ ಏನಾಗಿತ್ತ ಅವರಿಗೆ?" ಶಾಂತಾ ಸೌಟು ಹಿಡಿದೇ ಬಂದಳು. "ನೀವರ ಹಲ್ಲು ಕಿಸದು ಥ್ಯಾಂಕ್ಯೂ ಅಂದು ಬಂದೀರಲ್ರೀ! ಮ್ಯಾಲೆ ಜಿಲೇಬಿ ಬ್ಯಾರೆ!" ಬೈಯುತ್ತಲೇ ಪಕ್ಕದಲ್ಲಿ ಕೂತು, ಸೆರಗಿನಿಂದ ನನ್ನ ಕೈಗಂಟಿದ ಪಾಕ ಒರೆಸಿದಳು.

ನಮ್ಮ ಹಳೆಯ ಲಕ್ಷಣಕಾರರು ಪಾಪ, ಅಲಂಕಾರವೆಂದರೆ ಕಾವ್ಯದ ಒಡವೆ ಎಂದುಕೊಂಡಿದ್ದರು. ಮುಖ ಚಂದ್ರನಂತಿದೆ ಎಂದರೆ ಉಪಮೆ, ಮುಖವೇ ಚಂದ್ರ ಎಂದರೆ ರೂಪಕ. ನೌಕರಿ ಹೋದವನ ಮುಖ ಯಾವುದರಂತಿರುತ್ತದೆ ಎಂದು ಅವರು ಬರೆಯಲಿಲ್ಲ; ಆಗ ಎಚ್‌ಆರ್ ಇರಲಿಲ್ಲ. ನಮ್ಮ ಆಫೀಸಿನ ಗಾಜಿನ ಬಿಲ್ಡಿಂಗ್ ನಿಂತ ಜಾಗದಲ್ಲಿ ಹಿಂದೆ ಬಟ್ಟೆ ಗಿರಣಿ ಇತ್ತು. ಅದನ್ನು ಮುಚ್ಚಿದಾಗ ಗೇಟಿಗೆ ಬೀಗ ಜಡಿದರಂತೆ. ಒರಟು ಜನ. ಆದರೆ ಆ ಬೀಗಕ್ಕೆ ಥ್ಯಾಂಕ್ಯೂ ಹೇಳಿ ಮನೆಗೆ ಜಿಲೇಬಿ ಒಯ್ದ ಕಾರ್ಮಿಕ ಒಬ್ಬನೂ ಇರಲಿಕ್ಕಿಲ್ಲ.

ಮಗಳು ಯುಫಿಮಿಸಂಗೆ ನನ್ನನ್ನೇ ಉದಾಹರಣೆಯಾಗಿ ಬರೆದು ಪೂರ್ತಿ ಮಾರ್ಕ್ಸ್ ತಂದಳು. ಕಂಪನಿ ನಮಗೆ ಏನೂ ಕೊಡಲಿಲ್ಲ ಎನ್ನುವಂತಿಲ್ಲ. ಕೆಲವು ತಿಂಗಳ ಮೇಲೆ ನನಗೂ ಮಲಾಡಿನಲ್ಲಿ ವಿಜಯಪುರದ ವ್ಯಾಪಾರಿಯೊಬ್ಬರ ಬಳಿ ಕೆಲಸ ಸಿಕ್ಕಿತು. "ಪಗಾರ ಕಮ್ಮಿ, ಕೆಲಸ ಭಾಳ. ಬರ್ತೀರೇನ್ರಿ?" ಎಂದರು. ಒಡವೆಯಿಲ್ಲದ ಆ ಮಾತು ಕಿವಿಗೆ ತಂಪಾಯಿತು.

ಆದರೆ ಆ ಸೋಮವಾರದ್ದು ಹೇಳುವುದು ಉಳಿಯಿತು. ಜಗಳ ಆಡಬೇಕೆಂದೇ ಹೋಗಿದ್ದೆ. ಲೋಕಲ್‌ನಲ್ಲಿ ನಿಂತು ಬೈಗುಳಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆ. ಮೃಣಾಲ್ ಎದುರು ಕೂತಾಗ ಮಾತ್ರ, ಒಮ್ಮೆ ನೆಟ್ಟಗೆ ಹೇಳು ಎಂದು ಮರಾಠಿಯಲ್ಲಿ ಕೇಳಿದೆ. ಅವಳು "ಕಾಕಾ, ತುಮ್ಹಾಲಾ ಕಾಢಲಂ" ಎಂದಳು. ನಿಮ್ಮನ್ನು ತೆಗೆದರು. ಅಷ್ಟು ಹೇಳಿ ಅತ್ತೇಬಿಟ್ಟಳು. ನನ್ನ ಬೈಗುಳವೆಲ್ಲ ವ್ಯರ್ಥವಾಗಿ, ನನ್ನ ನೌಕರಿ ಹೋದದ್ದಕ್ಕೆ ನಾನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಬಾಗಿಲ ಬಳಿ ಬಂದಾಗ ರೂಢಿಯಂತೆ "ಯೇತೋ" ಎಂದೆ. ಬರ್ತೀನಿ ಎಂದು. ಹೊರಡುವವನು ಹೋಗ್ತೀನಿ ಅನ್ನಬಾರದು ಎಂಬ ಶಾಸ್ತ್ರ ಮರಾಠಿಗೂ ಕನ್ನಡಕ್ಕೂ ಒಂದೇ. "ಯಾ, ಕಾಕಾ" ಎಂದಳು ಕಣ್ಣೊರೆಸಿಕೊಳ್ಳುತ್ತ. ಬನ್ನಿ ಎಂದು. ಇನ್ನೆಂದೂ ಬಾರದವನು ಬರ್ತೀನಿ ಎಂದ, ಕರೆಯುವ ಅಧಿಕಾರವಿಲ್ಲದವಳು ಬನ್ನಿ ಎಂದಳು. ಪುಸ್ತಕದ ಪ್ರಕಾರ ಇದೂ ಯುಫಿಮಿಸಂ ಇರಬೇಕು. ಮಗಳನ್ನು ಮಾತ್ರ ಕೇಳಿಲ್ಲ.