ವಾಸನೆಯಿಲ್ಲದ ನೆಲ

ಅಲ್ಲ ಕಣೇ, ಮನೆ ಚೊಕ್ಕಟವಾಗಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಬೇಕೋ, ಮೂಗಿನಿಂದಲೋ, ನೀನೇ ಹೇಳು. ನನ್ನ ತಮ್ಮನ ಬೀಗಿತ್ತಿಗೆ ಮೂಗೊಂದೇ ಸಾಕಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ತಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಆ ಬಸ್ಸನ್ನು ಅವನು ಫಳಫಳ ಹೊಳೆಯುವಂತೆ ಇಟ್ಟಿದ್ದನ್ನು ನೋಡಿ ಅವನ ಹೆಂಡತಿ ಒಮ್ಮೆ ಚಪ್ಪಲಿ ಬಿಚ್ಚಿಟ್ಟು ಹತ್ತಿದ್ದಳು. ಪಾಪ, ಇದ್ದಷ್ಟು ದಿನ ಅದನ್ನೇ ಹೇಳಿ ನಗುತ್ತಿದ್ದಳು. ಅದಿರಲಿ. ನಿವೃತ್ತಿಯಾದ ಮೇಲೆ ಮನೆ ಒರೆಸುವ ಕೆಲಸ ಅವನ ಪಾಲಿಗೆ ಬಂತು. ಮೊಮ್ಮಗಳಿಗೆ ಉಬ್ಬಸ, ಚೂರು ಘಾಟು ತಾಗಿದರೂ ಎದೆಯಲ್ಲಿ ಸಿಳ್ಳೆ. ಫಿನಾಯಿಲು, ಬ್ಲೀಚಿನಂಥ ಘಾಟಿನ ಬಾಟಲಿಗಳನ್ನು ಆಚೆ ಹಾಕಿ ಎಂದು ಡಾಕ್ಟರು ಹೇಳಿದ್ದೇ ತಡ, ಎಲ್ಲವನ್ನೂ ಹೊರಗೆ ಸಾಗಿಸಿದ. ನೆಲಕ್ಕೆ ಬಿಸಿನೀರು ಮತ್ತು ಚೂರು ಸೋಪು, ಸಿಂಕಿಗೆ ಅಡಿಗೆ ಸೋಡಾ, ಬಚ್ಚಲ ನಲ್ಲಿಯ ಬಿಳಿ ಕಲೆಗೆ ವಿನೆಗರ್ ಬೆರೆಸಿದ ನೀರು. ತೋಳು ಸ್ವಲ್ಪ ಹೆಚ್ಚು ಆಡಬೇಕು, ಅಷ್ಟೇ. ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡತೊಡಗಿದಳು.

ಆಗ ಬಂದರು ಬೀಗಿತ್ತಿ, ಸೊಸೆಯ ತಾಯಿ. ಬಾಗಿಲಲ್ಲೇ ಮೂಗರಳಿಸಿ, "ಏನ್ ಬೀಗರೇ, ಇವತ್ತು ಒರೆಸೇ ಇಲ್ವಾ? ವಾಸನೆನೇ ಇಲ್ಲ" ಎಂದರು. ತಮ್ಮ ನಕ್ಕು ಅವರ ಚೀಲ ಒಳಗಿಟ್ಟ.

ಮರುದಿನ ಅವನು ವಿನೆಗರ್ ನೀರಿನ ಬಕೆಟ್ಟನ್ನು ಬಚ್ಚಲಲ್ಲಿಟ್ಟು ಬ್ರಷ್ಷು ಹುಡುಕಲು ಹೋದ. ಅಷ್ಟರಲ್ಲಿ ಈಕೆ, ಬೀಗರ ಮಾನ ಕಾಪಾಡುವವರ ಹಾಗೆ, ಚೀಲದಲ್ಲಿ ತಂದಿದ್ದ ಬ್ಲೀಚನ್ನು ಅದೇ ಬಕೆಟ್ಟಿಗೆ ಗಳಗಳ ಸುರಿದರು. ಅವೆರಡೂ ಬೆರೆತರೆ ಏಳುವುದು ವಿಷದ ಗಾಳಿ ಕಣೇ. ಕೆಮ್ಮುತ್ತ ಆಕೆ ಹೊರಗೋಡಿದರು. ಪಕ್ಕದ ಕೋಣೆಯಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ಮಗುವಿಗೆ ಉಸಿರೇ ಸಿಗದಾಯಿತು.

ತಮ್ಮ ಅವಳನ್ನು ಬಾಚಿ ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಗೆ ಓಡಿದ. ಹಿಂದೆಯೇ ಸೊಸೆ, ಕೈಯಲ್ಲಿ ಇನ್ಹೇಲರ್. ಮಗುವಿನ ತುಟಿಗೆ ಬಣ್ಣ ಮರಳುವ ತನಕ ಅವನು ಯಾರ ಮುಖವನ್ನೂ ನೋಡಲಿಲ್ಲ. ಬೀಗಿತ್ತಿ ತಪ್ಪಾಯಿತು ಎನ್ನಬೇಡವೇ? ಎಲ್ಲ ನಿಮ್ಮ ಹುಳಿನೀರಿನದೇ ಕಿತಾಪತಿ, ನಮ್ಮನೆಯಲ್ಲಿ ಇಷ್ಟು ವರ್ಷದಿಂದ ಬ್ಲೀಚೇ, ಏನಾಗಿದೆ ಎಂದರು. ತಮ್ಮನ ಮಗರಾಯನೂ ಹೋಗಲಿ ಬಿಡಪ್ಪ, ದೊಡ್ಡವರು ಎಂದ.

ಎಂದೂ ದನಿ ಎತ್ತದ ನನ್ನ ತಮ್ಮ ಅಂದೂ ಎತ್ತಲಿಲ್ಲ. "ನೆಲ ಘಮಘಮ ಅನ್ಲಿ ಅಂತ ನಾನು ಒರೆಸೋದಲ್ಲಮ್ಮಾ, ಇವಳು ಉಸಿರಾಡ್ಲಿ ಅಂತ. ನೀವು ಎಷ್ಟು ದಿನ ಬೇಕಾದ್ರೂ ಇರಿ. ಆ ಬಾಟ್ಲಿ ಮಾತ್ರ ಈ ಮನೇಲಿ ಇರಬಾರ್ದು."

ಸಂಜೆ ಬಾಟಲಿಯ ಜೊತೆ ಆಕೆಯೂ ಹೊರಟರು. ಬೀಗರಿಗೆ ಅವಮಾನ ಮಾಡಿದ ಎಂದು ನೆಂಟರೆಲ್ಲ ಇವನನ್ನೇ ಆಡಿಕೊಂಡರು. ಮಗು ಹೇಗಿದೆ ಎಂದು ಒಬ್ಬರಾದರೂ ಕೇಳಿದರೇ?

ನೀನೀಗ ಏಳು. ಮನೆಗೆ ಹೋಗಿ ಬಚ್ಚಲ ಕಪಾಟು ತೆಗೆದು ನೋಡು. ಬ್ಲೀಚೂ ವಿನೆಗರೂ ಅಕ್ಕಪಕ್ಕ ಕೂತಿದ್ದರೆ ಒಂದನ್ನು ಇವತ್ತೇ ಬೇರೆ ಕಡೆ ಇಡು. ಹಾಗೇ ನಿಮ್ಮ ಬಚ್ಚಲ ಕಿಟಕಿಯ ಬಿಗಿದುಕೊಂಡ ಚಿಲಕಕ್ಕೆ ಎಣ್ಣೆ ಬಿಡಮ್ಮ, ಗಾಳಿಯಾದರೂ ಆಡಲಿ.